ಅಳಿಯನಿಗೆ ಕೊಟ್ಟ ಕಳವುಗಳು

ಯಾವ ವಿಷಯ ಕಲಿಸುತ್ತೀರಿ ಎಂದು ಯಾರಾದರೂ ಕೇಳಿದರೆ ನಿಶ್ಚಿಂತೆಯಿಂದ ಉತ್ತರ ಕೊಡುವ ಪುಣ್ಯ ಎಲ್ಲ ಅಧ್ಯಾಪಕರಿಗೂ ಇರುವುದಿಲ್ಲ. ಕನ್ನಡ ಎಂದರೆ ಎದುರಿನವರು ತಮ್ಮ ಮಗನ ಕಾಗುಣಿತದ ಬಗ್ಗೆ ದೂರು ಹೇಳುತ್ತಾರೆ. ಅರ್ಥಶಾಸ್ತ್ರ ಎಂದರೆ ಉಳ್ಳಾಗಡ್ಡಿ ದರ ಯಾವಾಗ ಏರುತ್ತದೆ ಎಂದು ಕೇಳುತ್ತಾರೆ. ಗಣಿತ ಎಂದರೆ ಸುಮ್ಮನೆ ಕೈಮುಗಿಯುತ್ತಾರೆ. ನಾನು ಕಲಿಸುವುದು ಅಪರಾಧಶಾಸ್ತ್ರ. ಒಮ್ಮೆ ಬಾಗಲಕೋಟೆಯಿಂದ ಬಾದಾಮಿಗೆ ಹೋಗುವ ಬಸ್ಸಿನಲ್ಲಿ ಪಕ್ಕದವರು ಕೇಳಿದರು, ಹೇಳಿದೆ. ಅವರು, “ಅದನ್ನೂ ಕಾಲೇಜಿನ್ಯಾಗ ಕಲಸ್ತಾರೇನ್ರಿ? ನಮ್ಮ ಓಣ್ಯಾಗ ಹುಡುಗ್ರು ತಾವ ಕಲೀತಾರ” ಎಂದು ಹೇಳಿ, ನಮ್ಮಿಬ್ಬರ ನಡುವೆ ಇದ್ದ ತಮ್ಮ ಚೀಲವನ್ನು ಎತ್ತಿ ಕಿಟಕಿಯ ಕಡೆಗೆ ಇಟ್ಟುಕೊಂಡರು.

ಹಾಗೆ ನೋಡಿದರೆ ಈ ವಿಷಯವನ್ನು ನಾನು ಆರಿಸಿಕೊಂಡವನೇ ಅಲ್ಲ. ಎಂ.ಎ. ಪ್ರವೇಶಕ್ಕೆಂದು ಧಾರವಾಡಕ್ಕೆ ಹೋದ ದಿನ ಇತಿಹಾಸದ ಸೀಟುಗಳು ಮುಗಿದಿದ್ದವು, ರಾಜ್ಯಶಾಸ್ತ್ರದ ಸಾಲು ಬಿಸಿಲಿನಲ್ಲಿ ಗೇಟಿನ ತನಕ ಬೆಳೆದಿತ್ತು, ಅಪರಾಧಶಾಸ್ತ್ರದ ಕಿಟಕಿಯ ಮುಂದೆ ಒಳ್ಳೆಯ ನೆರಳಿತ್ತು. ನಾನು ನೆರಳಿಗೆಂದು ಹೋಗಿ ನಿಂತೆ. ಒಳಗಿದ್ದ ಗುಮಾಸ್ತರು ನನ್ನ ಅಂಕಪಟ್ಟಿಯನ್ನು ಕಿಟಕಿಯೊಳಕ್ಕೆ ಎಳೆದುಕೊಂಡರು. ಒಬ್ಬ ಮನುಷ್ಯನ ಜೀವನ ಹೀಗೂ ನಿರ್ಧಾರವಾಗುತ್ತದೆ. ಮನೆಗೆ ಬಂದು ಹೇಳಿದಾಗ ಅವ್ವ, “ಅಂದ್ರ ನೀ ಫೌಜದಾರ ಆಗ್ತೀಯೇನು?” ಎಂದು ಕೇಳಿದಳು. ಇಲ್ಲ ಎಂದೆ. “ವಕೀಲ?” ಅದೂ ಇಲ್ಲ ಎಂದೆ. “ಮತ್ತ ಕಳ್ಳರಿಗೂ ನಿನಗೂ ಏನು ಸಂಬಂಧ?” ಎಂದಳು. ಈ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲೇ ನನ್ನ ವೃತ್ತಿಜೀವನದ ಬಹುಭಾಗ ಕಳೆದಿದೆ.

ಬಾಗಲಕೋಟೆಯ ಕಾಲೇಜೊಂದರಲ್ಲಿ ನನಗೆ ಕೆಲಸ ಸಿಕ್ಕಿತು. ನಮ್ಮ ವಿಭಾಗ ಚಿಕ್ಕದು. ನಾನೊಬ್ಬ ಅಧ್ಯಾಪಕ, ಒಂದು ಟಂಟಂ ಗಾಡಿಯಲ್ಲಿ ಹಿಡಿಸುವಷ್ಟು ವಿದ್ಯಾರ್ಥಿಗಳು, ಒಂದು ಕೋಣೆ. ವಿಭಾಗದಲ್ಲಿ ಪಿಎಚ್.ಡಿ. ಆದವರು ಯಾರೂ ಇಲ್ಲದಿದ್ದರೆ ಅದನ್ನು ಸಮಾಜಶಾಸ್ತ್ರದೊಳಗೆ ವಿಲೀನ ಮಾಡಬೇಕಾಗುತ್ತದೆ ಎಂದು ಪ್ರಾಂಶುಪಾಲರು ಒಂದು ದಿನ ಬಹಳ ಮೃದುವಾಗಿ ಹೇಳಿದರು. ಅಂದೇ ಸಂಜೆ ಸಮಾಜಶಾಸ್ತ್ರದ ಮುಖ್ಯಸ್ಥರು ನನ್ನ ಕೋಣೆಗೆ ಬಂದು, ಕುಶಲ ವಿಚಾರಿಸುತ್ತ ವಿಚಾರಿಸುತ್ತ, ತಮ್ಮ ಕಪಾಟು ಈ ಗೋಡೆಗೆ ಹಿಡಿಸುತ್ತದೆಯೇ ಎಂದು ಗೇಣು ಹಾಕಿ ನೋಡಿದರು. ನಾನು ಪಿಎಚ್.ಡಿ. ಮಾಡಲು ನಿಶ್ಚಯಿಸಿದ್ದು ಜ್ಞಾನದಾಹದಿಂದ ಎಂದು ನನ್ನ ಪರಿಚಯಪತ್ರದಲ್ಲಿದೆ. ನಿಜವಾದ ಕಾರಣ ಆ ಗೇಣು.

ಧಾರವಾಡದಲ್ಲಿದ್ದ ನನ್ನ ಗೈಡ್ ಒಳ್ಳೆಯವರು, ಮಿತಭಾಷಿಗಳು. ಪೊಲೀಸರ ತನಕ ಹೋಗದೆ ಹಳ್ಳಿಗಳಲ್ಲೇ ಉಳಿದುಬಿಡುವ ಅಪರಾಧಗಳನ್ನು ಅಧ್ಯಯನ ಮಾಡು ಎಂದರು. ಯಾವ ಹಳ್ಳಿ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಬೇಕು, ಅದರಲ್ಲಿ ಸಂಶೋಧಕನ ಇಷ್ಟಾನಿಷ್ಟ ಇರಕೂಡದು ಎಂದರು. ಎತ್ತಿದೆ. ಹುನಗುಂದ ತಾಲೂಕಿನ ಒಂದು ಊರು ಬಂತು. ಅದು ಮರೋಳದಿಂದ ಬಹಳ ದೂರವಿಲ್ಲ. ಹೆಸರನ್ನು ನಾನು ಹೇಳುವುದಿಲ್ಲ, ಯಾಕೆಂಬುದು ಮುಂದೆ ನಿಮಗೇ ತಿಳಿಯುತ್ತದೆ. ಚೀಟಿಯನ್ನು ತಂದು ಹೆಂಡತಿ ಸುಮಂಗಲಾಳಿಗೆ ತೋರಿಸಿದರೆ ಅವಳು ನಕ್ಕಳು. ಅವಳ ತವರು ಇಲಕಲ್. ಆದರೆ ಅವಳ ತಾಯಿ ಹುಟ್ಟಿದ್ದು ಆ ಊರಿನಲ್ಲೇ. “ನಮ್ಮವ್ವನ ಊರದು. ಹೋಗಿ ಇಂಥವ್ರ ಅಳಿಯ ಅಂತ ಹೇಳ್ರಿ, ಕೆಲಸ ಹಗುರ ಆಗ್ತೈತಿ” ಎಂದಳು. ಸಂಶೋಧಕ ನಿಷ್ಪಕ್ಷಪಾತಿಯಾಗಿರಬೇಕು, ಬೀಗತನ ಬೆರೆಸಬಾರದು ಎಂದು ಅವಳಿಗೆ ವಿವರಿಸಿದೆ. ಅವಳು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಉತ್ತರ ತಪ್ಪಿದೆ ಎಂದು ಗೊತ್ತಾದರೂ ವಿದ್ಯಾರ್ಥಿ ಲೆಕ್ಕ ಪೂರ್ತಿ ಮಾಡುವ ತನಕ ಕಾಯುವ ಅಭ್ಯಾಸ ಅವಳದು.

ನಾನು ಆ ಊರಿಗೆ ಅಪರಿಚಿತನಾಗಿ ಹೋದೆ. ಕಾಲುವೆಯ ದಂಡೆಗೆ ಊರು. ಊರ ಬಾಗಿಲಲ್ಲಿ ಜೋಡಿ ಹುಣಸೆಮರ, ಅದರ ಕೆಳಗೆ ಬಸ್ಸು ನಿಲ್ಲುವ ಜಾಗ, ಎದುರಿಗೆ ಶಾಂತವ್ವ ಎಂಬವಳ ಚಹಾದ ಅಂಗಡಿ. ಶಾಂತವ್ವ ನಡುವಯಸ್ಸಿನವಳು, ಗಟ್ಟಿ ದನಿಯವಳು. ನನ್ನ ಬಗಲಚೀಲ ಕಂಡು ಬೆಳೆವಿಮೆಯವನೋ ಜನಗಣತಿಯವನೋ ಎಂದು ಅಂದಾಜು ಮಾಡುತ್ತಿದ್ದಳು. ನಿಮ್ಮ ಊರಿನಲ್ಲಿ ಕಳವು ಆಗುತ್ತದೆಯೇ ಎಂದು ಕೇಳಿದೆ.

“ನಮ್ಮೂರಾಗ ಕಳವು ಇಲ್ರಿ.”

“ಎಂದೂ ಆಗಿಲ್ಲವೇ?”

“ಎಂದೂ ಇಲ್ರಿ. ಹೋದ ವರ್ಷ ನನ್ನ ಹಿತ್ತಾಳಿ ಕೊಡ ಹಿಂದಿನ ಮನಿ ಹನಮಂತ ಒಯ್ದಿದ್ದ. ಕಳವು ಅಂತೂ ಇಲ್ಲ.”

“ಕೇಳಿ ಒಯ್ದಿದ್ದನೋ?”

“ಕೇಳಿದ್ರ ನಾ ಕೊಡ್ತಿದ್ನೇನ್ರಿ? ಕೇಳದ ಒಯ್ದಿದ್ದ.”

“ಅದಕ್ಕೇ ಕಳವು ಎನ್ನುವುದಲ್ಲವೇ?”

ಶಾಂತವ್ವ ನನ್ನನ್ನು ಕನಿಕರದಿಂದ ನೋಡಿದಳು. “ಕದಿಯೂದು ಬ್ಯಾರೆ, ಒಯ್ಯೂದು ಬ್ಯಾರೆರಿ ಸಾಹೇಬ್ರ. ಕದ್ದವನ ಹೆಸರು ಗೊತ್ತಿರಂಗಿಲ್ಲ. ಒಯ್ದವನ ಹೆಸರು ಗೊತ್ತಿರ್ತೈತಿ. ಅವ್ರವ್ವಗ ಹೋಗಿ ಹೇಳಿದೆ, ಮರುದಿನ ಆಕಿನ ತೊಳದು ತಂದಿಟ್ಟು ಹೋದ್ಲು.”

ಊರಿನ ಹಿರಿಯರಾದ ಬಸನಗೌಡರ ಬಳಿ ಹೊಡೆದಾಟದ ಬಗ್ಗೆ ಕೇಳಿದೆ. ಹೊಡೆದಾಟವೂ ಇಲ್ಲ, ಒಬ್ಬಿಬ್ಬರಿಗೆ ಆಗಾಗ ಬುದ್ಧಿ ಹೇಳುವುದುಂಟು ಎಂದರು. ಹೇಗೆ ಹೇಳುತ್ತೀರಿ ಎಂದರೆ, “ಕೈಲೆ” ಎಂದರು. ನನ್ನ ಪ್ರಶ್ನಾವಳಿಯಲ್ಲಿ ಕಳವು, ಹಲ್ಲೆ, ವಂಚನೆ ಎಂದು ಅಂಕಣಗಳಿದ್ದವು. ಒಯ್ಯುವುದಕ್ಕೂ ಬುದ್ಧಿ ಹೇಳುವುದಕ್ಕೂ ಅಂಕಣಗಳಿರಲಿಲ್ಲ. ಊರೆಲ್ಲ ತಿರುಗಿ, ಎಲ್ಲ ಕಡೆ ಸೊನ್ನೆ ಹಾಕಿಕೊಂಡು ಬಂದೆ. ಮತ್ತೊಮ್ಮೆ ಹೋದೆ, ಮತ್ತೆ ಸೊನ್ನೆ. ಗೈಡ್ ಆ ಹಾಳೆಗಳನ್ನು ನೋಡಿ, “ಇದು ಸಂಶೋಧನೆ ಅಲ್ಲ, ಊರಿಗೆ ಕೊಟ್ಟ ಸರ್ಟಿಫಿಕೇಟ್” ಎಂದರು. ನೋಂದಣಿಯ ಅವಧಿ ಮುಗಿಯುತ್ತ ಬಂದಿತ್ತು. ಕಾಲೇಜಿನಲ್ಲಿ ಸಮಾಜಶಾಸ್ತ್ರದವರು ಕಪಾಟಿಗೆ ಬಣ್ಣ ಹೊಡೆಸಿದ್ದರು.

ಆಗ ನಾನು ಹೆಂಡತಿ ಹೇಳಿದ್ದನ್ನು ಮಾಡಿದೆ. ಮುಂದಿನ ಸಲ ಹೋದಾಗ ಬಸನಗೌಡರ ಪಡಸಾಲೆಯಲ್ಲಿ ಕುಳಿತು, ಇಲಕಲ್ಲಿನ ಇಂಥವರ ಮಗಳನ್ನು ಮಾಡಿಕೊಂಡವನು ನಾನು ಎಂದೆ. ಗೌಡರು ಕುಳಿತಲ್ಲಿಂದ ಎದ್ದರು. ನನ್ನ ಅತ್ತೆ ಅವರಿಗೆ ವರಸೆಯಲ್ಲಿ ತಂಗಿಯಾಗಬೇಕಂತೆ. “ಅಲ್ರಿ ಅಳಿಯಂದ್ರ, ಎರಡು ಸಲ ಬಂದು ಹೊಟೇಲಿನ ಚಹಾ ಕುಡದು ಹೋಗೀರಲ್ರಿ! ಊರಾಗ ನಾವು ಸತ್ತಿದ್ವೇನು?” ಎಂದು ಬಹಳ ನೊಂದುಕೊಂಡರು. ಅಂದು ಶೇಂಗಾ ಹೋಳಿಗೆಯಾಯಿತು. ಊಟ ಮಾಡಿಸಿ, ನಿಧಾನವಾಗಿ, ನಿಮಗೆ ಬೇಕಾದದ್ದಾದರೂ ಏನು ಎಂದು ಕೇಳಿದರು. ನಾನು ನನ್ನ ಕಷ್ಟ ಹೇಳಿಕೊಂಡೆ. ಕಳವುಗಳು ಸಿಗದಿದ್ದರೆ ಪಿಎಚ್.ಡಿ. ಇಲ್ಲ, ಪಿಎಚ್.ಡಿ. ಇಲ್ಲದಿದ್ದರೆ ವಿಭಾಗವಿಲ್ಲ. ಗೌಡರು ಮೀಸೆಯ ಮೇಲೆ ಕೈಯಾಡಿಸಿ, “ಮುಂದಿನ ವಾರ ಬರ್ರಿ” ಎಂದರು.

ಮುಂದಿನ ವಾರ ಊರು ಬಾಯಿ ಬಿಟ್ಟಿತು. ಮೊದಲನೆಯ ಮನೆಯಲ್ಲಿ ಒಂದು ಆಡು ಕಳುವಾಗಿತ್ತು. ಗೋಡೆಯಾಚೆಯಿಂದ ಅದನ್ನು ಕೇಳಿಸಿಕೊಂಡ ಪಕ್ಕದ ಮನೆಯವರು, “ಅವರದು ಬರೇ ಆಡೇನ್ರಿ? ನಮ್ಮದು ಎಮ್ಮಿ ಬರಕೋರಿ” ಎಂದರು. ಆ ಓಣಿ ಮುಗಿಯುವುದರೊಳಗೆ ಜೋಡೆತ್ತು, ಪಂಪ್‌ಸೆಟ್, ಬಂಗಾರದ ಬೋರಮಾಳಗಳ ತನಕ ಬಂದೆವು. ಸ್ವತಃ ಬಸನಗೌಡರು ತಮ್ಮ ಟ್ರ್ಯಾಕ್ಟರ್ ಕಳುವಾಗಿದ್ದನ್ನು ಬರೆಸಿದರು. ಟ್ರ್ಯಾಕ್ಟರ್ ಎದುರಿಗೇ ನಿಂತಿತ್ತು. ಮತ್ತೆ ಸಿಕ್ಕಿತೇ ಎಂದು ಕೇಳಿದೆ. “ಸಿಕ್ತಲ್ಲ, ನೋಡ್ರಿ” ಎಂದರು. ಊರ ಕೊನೆಯ ಗುಡಿಸಲಿನ ಅಜ್ಜಿಯೊಬ್ಬಳು ನನ್ನ ಕೈಹಿಡಿದು, “ನಮ್ಮ ಮನ್ಯಾಗ ಕದಿಯೂವಂಥಾದ್ದು ಏನೂ ಇಲ್ಲಪಾ. ಬೈಗುಳ ಬರಕೋತಿಯೇನು?” ಎಂದು ಸಂಕೋಚದಿಂದ ಕೇಳಿದಳು. ನಿಂದನೆ ಎಂಬ ಅಂಕಣದಲ್ಲಿ ಬರೆದುಕೊಂಡೆ. ಎಲ್ಲ ಮನೆಗಳಲ್ಲೂ ಕಳವಿನ ಜೊತೆಗೆ ಚಹಾ, ಚುರಮುರಿ, ಹೊರಡುವಾಗ ಒಂದು ಗಂಟು ಖಡಕ್ ರೊಟ್ಟಿ. ಜನರ ವಿಶ್ವಾಸ ಗಳಿಸಿದರೆ ಅವರು ಮನಸ್ಸು ಬಿಚ್ಚುತ್ತಾರೆ ಎಂದು ಸಂಶೋಧನಾ ವಿಧಾನದ ಪುಸ್ತಕಗಳು ಹೇಳುತ್ತವೆ. ನಾನು ಪುಸ್ತಕಗಳನ್ನು ನಂಬಿದವನು. ಹಾಳೆಗಳನ್ನು ಎದೆಗವಚಿಕೊಂಡು ಬಸ್ಸಿನಲ್ಲಿ ಬಂದದ್ದು ನೆನಪಿದೆ.

ಗೈಡ್ ಕೋಷ್ಟಕಗಳನ್ನು ನೋಡಿ ಜೀವಮಾನದಲ್ಲಿ ಮೊದಲ ಬಾರಿಗೆ ನನಗೆ ಚಹಾ ತರಿಸಿದರು. ಒಂದು ವಿಚಾರಸಂಕಿರಣದಲ್ಲಿ ಪ್ರಬಂಧ ಓದಿಸಿದರು. ಅಲ್ಲಿಗೆ ಊಟದ ಹೊತ್ತಿಗೆ ಸರಿಯಾಗಿ ಬಂದಿದ್ದ ವರದಿಗಾರರೊಬ್ಬರು ನನ್ನ ಪ್ರಬಂಧದ ಪ್ರತಿ ಇಸಿದುಕೊಂಡು ಹೋದರು. ಎರಡು ದಿನ ಬಿಟ್ಟು ಬಸನಗೌಡರ ಫೋನು ಬಂತು.

“ಆರಾಮ್ರಿ ಅಳಿಯಂದ್ರ? ನಮ್ಮ ಊರು ಪೇಪರ್‌ನಾಗ ಬಂದೈತಿ. ಭಾಳ ಸಂತೋಷ ಆತು.”

“ಊರಿನ ಹೆಸರು ಹಾಕಿಲ್ರಿ ಮಾವಾರ” ಎಂದು ಗಾಬರಿಯಿಂದ ಹೇಳಿದೆ.

“ಹೆಸರು ಇಲ್ಲ ಖರೆ. ಹುನಗುಂದ ತಾಲೂಕು, ಕಾಲುವಿ ದಂಡಿ, ಜೋಡಿ ಹುಣಸಿಮರದ ಬಸ್ ಸ್ಟ್ಯಾಂಡ್ ಅಂತ ಬರದಾರ. ಪಿನ್‌ಕೋಡ್ ಒಂದ ಉಳದೈತಿ. ಒಂದು ಸಣ್ಣ ತ್ರಾಸ ಆಗೈತ್ರಿ. ನಮ್ಮ ಮೊಮ್ಮಗಳು ಸವಿತಾಗ ಕೆರೂರಿಂದ ಒಂದು ಗಂಡು ನಿಕ್ಕಿ ಆಗಿತ್ತು. ಹುಡುಗನ ಅಪ್ಪ ಪೇಪರ್ ಓದಿ, ಇಂಥಾ ಊರಿನ ಹೆಣ್ಣು ಬ್ಯಾಡ ಅಂತ ಹೇಳಿ ಕಳಿಸ್ಯಾರ. ನಮ್ಮ ಮನಿ ಒಂದ ಅಲ್ರಿ, ಊರಾಗ ಇನ್ನೂ ಹೆಣ್ಣುಮಕ್ಕಳು ಅದಾರ.”

“ಆದರೆ ಮಾವಾರ, ಅಷ್ಟು ಕಳವು ಆಗಿದ್ದು ನಿಜವಲ್ಲವೇ?”

“ಸಿಟ್ಟಾಗಬ್ಯಾಡ್ರಿ. ಒಂದೂ ಆಗಿಲ್ಲ.”

“ಮತ್ತೆ ಯಾಕ್ರಿ ಹೇಳಿದ್ರಿ?”

“ನೀವು ಕೇಳಿದ್ರಿ. ಊರ ಅಳಿಯ ಬಾಗ್ಲಿಗೆ ಬಂದು ಏನರ ಬೇಕು ಅಂದ್ರ, ಇಲ್ಲ ಅಂತ ಬರಿಗೈಲೆ ಹೆಂಗ ಕಳಸೂದ್ರಿ? ಊರ ಮಂದೀನ ಕುಂದ್ರಿಸಿ ನಾನ ಹೇಳಿದೆ, ಮನಿಗೆ ಇಷ್ಟಿಷ್ಟು ಕೊಡ್ರಿ ಅಂತ. ಅವ್ರು ಸ್ವಲ್ಪ ಹೆಚ್ಚಿಗಿ ಕೊಟ್ರು.”

ಅಷ್ಟರಲ್ಲಿ ಫೋನು ಸವಿತಾಳ ಕೈಗೆ ಹೋಯಿತು. ಹುನಗುಂದದಲ್ಲಿ ಕನ್ನಡ ಶಾಲೆಯಲ್ಲಿ ಕಲಿಸುವ ಹುಡುಗಿ, ಮಾತು ಚೊಕ್ಕ. “ಮಾಮಾ, ಆ ಹುಡುಗ ನನ್ನ ಮನಸಿಗೆ ಬಂದಾನ್ರಿ. ನಿಮ್ಮ ಪಿಎಚ್.ಡಿ. ಇನ್ನೊಂದು ಊರಾಗರ ಮಾಡಾಕ ಬರ್ತೈತಿ. ನನಗ ಹಂಗ ಬರಂಗಿಲ್ಲ” ಎಂದಳು. ಅಳುತ್ತಿರಲಿಲ್ಲ, ಅತ್ತಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು. ಫೋನು ಇಟ್ಟೆ. ಸುಮಂಗಲಾ ಬಂದು ಏನಾಯಿತು ಎಂದಳು. “ಇದ್ದ ಕಳವೆಲ್ಲಾ ಹೋದವು” ಎಂದೆ.

ಮರುದಿನವೇ ಕೆರೂರಿಗೆ ಹೋದೆ. ಹುಡುಗನ ತಂದೆ ಮಲ್ಲಪ್ಪನವರಿಗೆ ಪೇಟೆಯಲ್ಲಿ ಬೀಜ-ಗೊಬ್ಬರದ ಅಂಗಡಿ. ಅಂದು ಸಂತೆ, ಅಂಗಡಿ ತುಂಬ ಜನ. ನನ್ನ ಪರಿಚಯ ಹೇಳಿಕೊಂಡಾಗ ಎದ್ದು ನಿಂತು ಕೈಮುಗಿದು, “ನೀವು ಬರದದ್ದು ಓದಿದೆ ಸರ್. ನನ್ನ ಮಗನ ಬಾಳು ಉಳಿಸಿದ್ರಿ” ಎಂದರು. ಅದು ನಿಜವಲ್ಲ, ಆ ಊರಿನಲ್ಲಿ ಒಂದು ಕಳವೂ ಆಗಿಲ್ಲ ಎಂದೆ.

“ಪೇಪರ್‌ನವ್ರು ಸುಳ್ಳು ಬರದಾರೇನ್ರಿ?”

“ಇಲ್ಲ, ನಾನು ಹೇಳಿದ್ದನ್ನೇ ಬರೆದಿದ್ದಾರೆ.”

“ಅಂದ್ರ ನೀವು ಸುಳ್ಳು ಹೇಳೀರಿ.”

“ಇಲ್ಲ. ಅವರು ಹೇಳಿದ್ದನ್ನು ನಾನು ನಂಬಿದೆ.”

“ಪ್ರೊಫೆಸರ್ ಆಗಿ?”

ಅಂಗಡಿಯಲ್ಲಿದ್ದವರೆಲ್ಲ ಗೊಬ್ಬರದ ದರ ಬಿಟ್ಟು ನನ್ನ ಕಡೆ ನೋಡತೊಡಗಿದರು. ಮಲ್ಲಪ್ಪನವರು ತಣ್ಣಗೆ, “ನೀವು ಆ ಊರಿನ ಅಳಿಯ ಅಂತ ಕೇಳೇನಿ. ಅಳಿಯ ಆದವ್ರು ಹಿಂಗ ಹೇಳೂದು ಧರ್ಮ. ಖರೆ ನಾ ಹೆಂಗ ನಂಬೂದ್ರಿ?” ಎಂದರು. ನಾನು ಕಲಿಸುವ ಪಾಠದ ಪ್ರಕಾರವೂ ಅವರು ಹೇಳಿದ್ದೇ ಸರಿ, ಸಂಬಂಧಿಕನ ಸಾಕ್ಷಿಯನ್ನು ಹಾಗೆಯೇ ನಂಬಬಾರದು. ಕೊನೆಗೆ, ಯಾರಿಗೂ ಸುಳಿವು ಕೊಡದೆ ಈಗಲೇ ನನ್ನ ಜೊತೆ ಆ ಊರಿಗೆ ಬನ್ನಿ, ನಿಮಗೆ ಬೇಕಾದವರನ್ನು ನೀವೇ ಕೇಳಿ ಎಂದೆ. ಮಲ್ಲಪ್ಪನವರು ಮಗನನ್ನು ಹಣದ ಗಲ್ಲಾದ ಮೇಲೆ ಕೂರಿಸಿ ಎದ್ದರು. ಆ ಹುಡುಗ ನನ್ನ ಕಡೆ ನೋಡಿದ ರೀತಿ ನೋಡಿದರೆ, ಸವಿತಾ ಒಬ್ಬಳ ಮನಸ್ಸಿಗಷ್ಟೇ ಬಂದ ಸಂಬಂಧವಲ್ಲ ಅದು ಎಂದು ತಿಳಿಯುತ್ತಿತ್ತು.

ನಾವು ಹುಣಸೆಮರದ ಕೆಳಗೆ ಇಳಿದಾಗ ಅಂಗಡಿಯಲ್ಲಿ ಶಾಂತವ್ವ ಒಬ್ಬಳೇ ಇದ್ದಳು. ನನ್ನನ್ನು ಕಂಡು ಅರಳಿದಳು. ನನ್ನ ಪಕ್ಕದಲ್ಲಿ ಕನ್ನಡಕ ಹಾಕಿಕೊಂಡು, ಕಿಸೆಯಲ್ಲಿ ಪೆನ್ನು ಸಿಕ್ಕಿಸಿಕೊಂಡು ನಿಂತ ಗಂಭೀರ ಮನುಷ್ಯನನ್ನು ಕಂಡು ಅವಳು ಏನು ಎಣಿಸಿದಳೆಂಬುದು ನನಗೆ ತಡವಾಗಿ ಹೊಳೆಯಿತು. ಇವನಿಗೂ ಒಂದು ಪಿಎಚ್.ಡಿ. ಬೇಕಾಗಿದೆ ಎಂದುಕೊಂಡಿದ್ದಳು.

ಮಲ್ಲಪ್ಪನವರು ಕೇಳಿದರು, “ಏನವಾ ಯವ್ವಾ, ನಿಮ್ಮೂರಾಗ ಕಳವು ಭಾಳಂತಲ್ಲ?”

“ಹೌದ್ರಿ, ಭಾಳ ಅದಾವು. ಕುಂದರ್‍ರಿ, ಚಹಾ ಕುಡೀರಿ.”

ಕಣ್ಣಿನಿಂದ, ಕೈಯಿಂದ ಸನ್ನೆ ಮಾಡಿದೆ. ಶಾಂತವ್ವ ಅದನ್ನು, ಇನ್ನೂ ಸ್ವಲ್ಪ ಧಾರಾಳವಾಗಿ ಕೊಡು ಎಂದು ತಿಳಿದಳು.

“ನಿನ್ನ ಮನ್ಯಾಗೂ ಆಗೈತೇನು?” ಮಲ್ಲಪ್ಪನವರ ಹುಬ್ಬು ಗಂಟಿಕ್ಕಿತ್ತು.

“ಆಗದ ಏನ್ರಿ! ಮೊನ್ನಿನೂ ಆತು.”

“ಏನು ಕಳವಾತು?”

ಶಾಂತವ್ವ ಚಹಾದ ಕಪ್ಪು ಅವರ ಕೈಗೆ ಕೊಡುತ್ತ, ಬಹಳ ಆದರದಿಂದ ಕೇಳಿದಳು: “ನಿಮಗ ಏನು ಬೇಕಾಗಿತ್ರಿ?”

ಮಲ್ಲಪ್ಪನವರು ಚಹಾದ ಕಪ್ಪು ಹಿಡಿದವರು ಹಿಡಿದ ಹಾಗೇ ಉಳಿದರು. ಅವರು ಆಯುಷ್ಯವೆಲ್ಲ ಅಂಗಡಿಯಲ್ಲಿ ಕುಳಿತವರು. ಗಿರಾಕಿ ಬಂದಾಗಲೆಲ್ಲ ಅದೇ ಮಾತನ್ನು ಅದೇ ದನಿಯಲ್ಲಿ ಕೇಳುತ್ತ ಬಂದವರು. ಮೊದಲು ಅವರ ಹೊಟ್ಟೆ ಅಲುಗಾಡಿತು, ಆಮೇಲೆ ಹೆಗಲು, ಆಮೇಲೆ ಕಪ್ಪು. ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತ, “ಏನೇನು ಸ್ಟಾಕ್ ಐತಿ ಯವ್ವಾ?” ಎಂದರು. ಶಾಂತವ್ವ ಎಮ್ಮೆಯಿಂದ ಆರಂಭಿಸಿದಳು.

ಅಂದು ಬಸನಗೌಡರ ಮನೆಯಲ್ಲಿ ಮಲ್ಲಪ್ಪನವರು ಊಟಕ್ಕೆ ಕುಳಿತಾಗ ಯಾರೂ ಕಳವಿನ ಮಾತೆತ್ತಲಿಲ್ಲ. ಬಡಿಸಲು ಬಂದ ಸವಿತಾ ನನ್ನ ತಟ್ಟೆಗೆ ತುಪ್ಪ ಹಾಕಿದವಳು ಸಾಕೆಂದರೂ ನಿಲ್ಲಿಸಲಿಲ್ಲ. ಮದುವೆ ಮತ್ತೆ ನಿಕ್ಕಿಯಾಯಿತು.

ನನ್ನ ಪಿಎಚ್.ಡಿ. ಮಾತ್ರ ಅನಾಥವಾಯಿತು. ಧಾರವಾಡಕ್ಕೆ ಹೋಗಿ ಗೈಡ್ ಮುಂದೆ ನಿಂತು, ಈ ಕೋಷ್ಟಕಗಳೆಲ್ಲ ಅಳಿಯನೆಂಬ ಮರ್ಯಾದೆಗೆ ಊರವರು ಕೊಟ್ಟವು ಸರ್, ಎಂದೆ. ಅವರು ಆಗಲೇ ಅವನ್ನು ತಮ್ಮದೊಂದು ಲೇಖನದಲ್ಲಿ ಉದಾಹರಿಸಿದ್ದರು. ಕನ್ನಡಕವನ್ನು ತೆಗೆದು ಮೇಜಿನ ಮೇಲಿಟ್ಟರು. “ಅಳಿಯ ಅಂತ ಗೊತ್ತಾಗೂದಕ್ಕಿಂತ ಮೊದಲು ಏನು ಹೇಳಿದ್ರೋ ಮಾರಾಯ?” ಎಂದು ಕೇಳಿದರು. ಕದಿಯುವುದು ಬೇರೆ, ಒಯ್ಯುವುದು ಬೇರೆ ಎಂದರು, ಎಂದೆ. “ಅದನ್ನ ಬರಿ” ಎಂದರು. ನೋಂದಣಿಯ ಅವಧಿ ಹೆಚ್ಚಿಸಿಕೊಂಡೆ, ಇನ್ನೂ ಕೆಲವು ವರ್ಷ ಹಿಡಿಯಿತು, ಬರೆದೆ. ಪದವಿ ಬಂತು, ವಿಭಾಗ ಉಳಿಯಿತು, ಕಪಾಟು ಭೂಗೋಳಶಾಸ್ತ್ರದವರ ಪಾಲಾಯಿತು.

ಆ ಪ್ರಬಂಧವನ್ನು ನನ್ನ ಗೈಡ್, ಪರೀಕ್ಷಕರು ಮತ್ತು ಬೆರಳಚ್ಚು ಮಾಡಿದವರ ಹೊರತು ಯಾರೂ ಓದಿಲ್ಲ. ಆದರೂ ನಾನು ಹೆಸರಾದೆ. ಸವಿತಾಳ ಮದುವೆ ಮಹಾಕೂಟದಲ್ಲಿ ಆಯಿತು. ಅಲ್ಲಿ ಮಲ್ಲಪ್ಪನವರು ನನ್ನನ್ನು ತಮ್ಮ ಬೀಗರಿಗೆಲ್ಲ ಕೈಹಿಡಿದು ಪರಿಚಯಿಸಿದರು: “ಭಾಳ ಪ್ರಾಮಾಣಿಕ ಪ್ರೊಫೆಸರ್ರಿ. ತಾವು ಬರದದ್ದು ಸುಳ್ಳು ಅಂತ ತಾವ ಬಂದು ಹೇಳಿದ್ರು.” ಒಬ್ಬ ವಿದ್ವಾಂಸನಿಗೆ ಇದಕ್ಕಿಂತ ಹೆಚ್ಚಿನ ಪ್ರಚಾರ ಸಿಗುವುದು ಕಷ್ಟ. ಅಂದಿನಿಂದ ಬಾದಾಮಿ, ಹುನಗುಂದ, ಇಲಕಲ್ ಕಡೆಯ ಜನ ಹೆಣ್ಣು-ಗಂಡು ನೋಡುವ ಮೊದಲು ನನ್ನ ಮನೆಗೆ ಬರತೊಡಗಿದರು. ಊರು ಹೇಗೆ, ಮನೆತನ ಹೇಗೆ, ಏನಾದರೂ ಕೇಸುಗೀಸು ಇವೆಯೇ ಎಂದು ವಿಚಾರಿಸುತ್ತಾರೆ. ನಾನು ಒಳ್ಳೆಯ ಊರು, ಒಳ್ಳೆಯ ಜನ ಎನ್ನುತ್ತೇನೆ. ಇದುವರೆಗೆ ಹೆಚ್ಚು ತಪ್ಪಾಗಿಲ್ಲ. ಪ್ರೊಫೆಸರ್ ಆಗಿ ಬಡ್ತಿ ಪಡೆದ ಮೇಲೆ ನನ್ನ ಮಾತಿಗೆ ತೂಕವೂ ಹೆಚ್ಚಾಯಿತು.

ಈಚೆಗೆ ನನ್ನ ಮಗಳಿಗೇ ಗಂಡು ನೋಡುವ ಕಾಲ ಬಂತು. ಬಾದಾಮಿಯಿಂದ ಒಂದು ಒಳ್ಳೆಯ ಮನೆತನದವರು ಬಂದು ನೋಡಿ, ಉಪ್ಪಿಟ್ಟು ತಿಂದು, ಮೆಚ್ಚಿಗೆಯಾಯಿತು ಎಂದು ಹೇಳಿ ಹೋದರು. ಆಮೇಲೆ ಸುದ್ದಿಯೇ ಇಲ್ಲ. ಕಾದೂ ಕಾದೂ ಮಧ್ಯಸ್ಥರನ್ನು ಕೇಳಿದಾಗ ಅವರು ಬಹಳ ಹಿಂಜರಿದು ಹೇಳಿದರು: ಹುಡುಗನ ಕಡೆಯವರು ನಮ್ಮ ಓಣಿಯಲ್ಲಿ ವಿಚಾರಿಸಿದ್ದಾರೆ, ಮನುಷ್ಯರೇನೋ ಒಳ್ಳೆಯವರೇ, ಆದರೆ ಬಾಗಿಲಲ್ಲಿ ಆಗಾಗ ಪೊಲೀಸ್ ಜೀಪು ನಿಂತಿರುತ್ತದೆ ಎಂದು ಯಾರೋ ಹೇಳಿದ್ದಾರೆ. ಅದು ನಿಜ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಈಗ ಸಬ್ ಇನ್ಸ್‌ಪೆಕ್ಟರುಗಳು. ಈ ಕಡೆ ಬಂದರೆ ಜೀಪು ನಿಲ್ಲಿಸಿ, ಒಳಗೆ ಬಂದು ಕಾಲುಮುಟ್ಟಿ, ಚಹಾ ಕುಡಿದು ಹೋಗುತ್ತಾರೆ. ಹೋಗುವಾಗ ಪ್ರೀತಿಯಿಂದ ನನ್ನ ಹೆಗಲ ಮೇಲೆ ಕೈಯಿಟ್ಟು ಗೇಟಿನ ತನಕ ಕರೆದುಕೊಂಡು ಬರುತ್ತಾರೆ. ಎದುರು ಮನೆಯ ಕಟ್ಟೆಯಿಂದ ನೋಡಿದವರಿಗೆ ಅದು ಹೇಗೆ ಕಂಡೀತು ಎಂಬುದನ್ನು ನಾನು, ಮೂರು ತಾಲೂಕಿನ ಮನೆತನಗಳಿಗೆ ಭರವಸೆ ಕೊಡುವವನು, ಒಂದು ದಿನವೂ ಯೋಚಿಸಿರಲಿಲ್ಲ.

ಕೂಡಲೇ ವಿದ್ಯಾರ್ಥಿಗಳಿಗೆಲ್ಲ ಫೋನು ಮಾಡಿ, ಇನ್ನು ಮುಂದೆ ಜೀಪು ತರಬೇಡಿ, ಯೂನಿಫಾರ್ಮ್ ಬೇಡ, ಸಾದಾ ಅಂಗಿ ಹಾಕಿಕೊಂಡು ನಡೆದುಕೊಂಡು ಬನ್ನಿ ಎಂದು ವಿನಂತಿಸಿದೆ. ವಿಧೇಯ ಹುಡುಗರು, ಹಾಗೆಯೇ ಮಾಡಿದರು. ಆ ಭಾನುವಾರ ಇಬ್ಬರು ಬಂದು ಅರ್ಧ ಗಂಟೆ ಕುಳಿತು ಹೋದರು. ಮರುದಿನ ಬೆಳಿಗ್ಗೆ ಹಾಲು ತರಲು ಹೋದ ಸುಮಂಗಲಾ ವಾಪಸ್ಸು ಬಂದು, ಪಾತ್ರೆಯನ್ನು ಕೆಳಗಿಟ್ಟು, ಎದುರು ಮನೆಯವಳು ತನ್ನನ್ನು ಪಕ್ಕಕ್ಕೆ ಕರೆದು ಕೇಳಿದ್ದನ್ನು ಇದ್ದದ್ದು ಇದ್ದ ಹಾಗೆ ಹೇಳಿದಳು:

“ಅಕ್ಕಾರ, ಕೇಸು ಭಾಳ ದೊಡ್ಡದೈತೇನ್ರಿ? ಈಗ ಮಫ್ತಿಯೊಳಗ ಬರಾಕ ಹತ್ಯಾರ.”